ದ್ರಾಕ್ಷಿಯ ರಸ: ತಿಳಿಯೂ ಗಸಿಯೂ

ಬಿಜ್ಜರಗಿ, ತಿಕೋಟಾ, ಬಬಲೇಶ್ವರಗಳ ಕಡೆ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ದ್ರಾಕ್ಷಿಯ ಸುಗ್ಗಿ. ಒಳ್ಳೆಯ ಗೊಂಚಲುಗಳು ಪೇಟೆಗೆ ಹೋಗುತ್ತವೆ. ಇನ್ನಷ್ಟು ಹಣ್ಣು ನೆರಳಿನಲ್ಲಿ ಒಣಗಿ ಒಣದ್ರಾಕ್ಷಿಯಾಗುತ್ತದೆ. ಗೊಂಚಲಿನಿಂದ ಉದುರಿದ ಬಿಡಿಹಣ್ಣು ಮಾತ್ರ ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಅದರ ರಸ ತೆಗೆದು ಸೀಸೆಯಲ್ಲಿ ತುಂಬಿಟ್ಟರೆ ಮನೆಯ ಮಕ್ಕಳಿಗೆ ಬೇಸಗೆಯುದ್ದಕ್ಕೂ ಸವಿಯಾದ ಪಾನೀಯವಾದೀತು. ಆದರೆ ಹೀಗೆ ತುಂಬಿಟ್ಟವರಿಗೆ ಎರಡು ತೊಂದರೆಗಳು ಎದುರಾಗುತ್ತವೆ. ಒಂದು, ಕೆಲವು ದಿನಗಳಲ್ಲಿ ಸೀಸೆಯ ತಳದಲ್ಲಿ ಗಾಜಿನ ಪುಡಿಯಂಥ ಹರಳು ಕಾಣುತ್ತದೆ. ಇನ್ನೊಂದು, ರಸ ಹುಳಿಯೊಡೆದು ಮುಚ್ಚಳ ಹಾರುತ್ತದೆ, ಸೀಸೆಯೇ ಸಿಡಿಯುವುದೂ ಉಂಟು.

ಮೊದಲು ಹರಳಿನ ಮಾತು. ದ್ರಾಕ್ಷಿಯ ಮುಖ್ಯ ಹುಳಿ ಟಾರ್ಟಾರಿಕ್ ಆಮ್ಲ. ಅದು ಹಣ್ಣಿನಲ್ಲಿರುವ ಪೊಟ್ಯಾಸಿಯಮ್ಮಿನೊಡನೆ ಕೂಡಿ ಒಂದು ಲವಣವಾಗುತ್ತದೆ. 100 ಮಿಲಿಲೀಟರು ಕುದಿಯುವ ನೀರಿನಲ್ಲಿ ಈ ಲವಣ ಸುಮಾರು 6 ಗ್ರಾಮು ಕರಗುತ್ತದೆ. 20 ಡಿಗ್ರಿ ಸೆಲ್ಸಿಯಸ್ಸಿನಲ್ಲಾದರೆ ಅರ್ಧ ಗ್ರಾಮಿಗಿಂತ ತುಸು ಹೆಚ್ಚು, ಅಷ್ಟೆ. ತಂಪು ಹೆಚ್ಚಿದಷ್ಟೂ ಕರಗುವುದು ಕಡಿಮೆ. ಮಿಕ್ಕದ್ದು ಹರಳುಗಟ್ಟಿ ತಳಕ್ಕಿಳಿಯುತ್ತದೆ. ಇದು ಗಾಜಲ್ಲ, ವಿಷವೂ ಅಲ್ಲ. ರೊಟ್ಟಿ, ಕೇಕು ಉಬ್ಬಿಸುವ ಬೇಕಿಂಗ್ ಪುಡಿಯಲ್ಲಿ ಇದನ್ನೇ ಬಳಸುವುದುಂಟು. ಆದರೂ ಕುಡಿಯುವ ಲೋಟದಲ್ಲಿ ಹರಳನ್ನು ಕಂಡ ತಾಯಿ ಅದನ್ನು ಮಗುವಿಗೆ ಕೊಟ್ಟಾಳೆಯೇ? ಆದುದರಿಂದ ಅದು ಸೀಸೆಯಲ್ಲಿ ಇಳಿಯುವುದಕ್ಕೆ ಮೊದಲೇ ಪಾತ್ರೆಯಲ್ಲಿ ಇಳಿಯುವಂತೆ ಮಾಡಬೇಕು.

ಬಿಯರ್ ತಯಾರಿಸುವವರದೂ ಇದೇ ಉಪಾಯ. ಹುದುಗಿದ ಬಿಯರನ್ನು ಹೆಪ್ಪುಗಟ್ಟುವ ಮಟ್ಟದ ಹತ್ತಿರಕ್ಕೆ ತಣಿಸಿಟ್ಟರೆ ಯೀಸ್ಟು ತಳ ಸೇರುತ್ತದೆ. ಬಾರ್ಲಿಯ ಪ್ರೋಟೀನೂ ಒಗರಿನ ಅಂಶವೂ ಒಂದಾಗಿ ಮಬ್ಬು ಕಟ್ಟಿ ಕೆಳಗಿಳಿಯುತ್ತವೆ. ಮೇಲಿನ ತಿಳಿಯನ್ನು ಅವರು ಸೀಸೆಗೆ ತುಂಬುತ್ತಾರೆ.

ಮನೆಯ ಕ್ರಮ ಹೀಗೆ. ಕೊಳೆತ ಹಣ್ಣನ್ನು ಆರಿಸಿ ತೆಗೆದು, ಉಳಿದುದನ್ನು ಚೆನ್ನಾಗಿ ತೊಳೆಯಿರಿ. ಸ್ಟೀಲಿನ ಪಾತ್ರೆಯಲ್ಲಿ ಹಾಕಿ, ಮುಳುಗುವಷ್ಟು ಕುದಿನೀರು ಹೊಯ್ದು, ಸಣ್ಣ ಉರಿಯಲ್ಲಿ ಸಿಪ್ಪೆ ಮೆತ್ತಗಾಗುವ ತನಕ ಬೇಯಿಸಿ. ಹುಳಿ ಪದಾರ್ಥಕ್ಕೆ ಅಲ್ಯೂಮಿನಿಯಮ್ ಪಾತ್ರೆ, ಕಲಾಯಿ ಹೋದ ತಾಮ್ರದ ಪಾತ್ರೆ ಬೇಡ. ಬಟ್ಟೆಯಲ್ಲಿ ಸೋಸಿ, ಆರಿಸಿ, ಮುಚ್ಚಿ, 24ರಿಂದ 48 ಗಂಟೆ ಫ್ರಿಜ್ಜಿನಲ್ಲಿಡಿ. ಮಂಜುಗಡ್ಡೆಯ ಖಾನೆಯಲ್ಲಿ ಬೇಡ. ರಸ ಗಡ್ಡೆಗಟ್ಟಿದರೆ ತಿಳಿ ಬಸಿಯಲಾಗದು. ವಿಜಯಪುರದ ಬೇಸಗೆಯಲ್ಲಿ ಒದ್ದೆ ಬಟ್ಟೆ ಸುತ್ತಿದ ಹರವಿಯ ತಂಪು ಕುಡಿಯುವ ನೀರಿಗೆ ಸಾಕು, ಈ ಕೆಲಸಕ್ಕೆ ಸಾಲದು. ಆಮೇಲೆ ಪಾತ್ರೆಯನ್ನು ಅಲುಗಿಸದೆ ತಿಳಿಯನ್ನಷ್ಟೇ ಬಸಿದುಕೊಂಡು, ಇನ್ನೊಮ್ಮೆ ಸೋಸಿ. ಕೊನೆಯ ಎರಡು ಸೌಟು ರಸದ ಆಸೆಗೆ ಗಸಿಯನ್ನು ಕದಡಬೇಡಿ.

ಇಲ್ಲಿಗೇ ಮುಗಿಯಿತೆಂದು ಹಲವರು ಸೀಸೆ ತುಂಬಿ ಮುಚ್ಚಳ ಬಿಗಿಯುತ್ತಾರೆ. ಅಪಾಯವಿರುವುದು ಇಲ್ಲಿಯೇ. ತಂಪು ರಸವನ್ನು ತಿಳಿಯಾಗಿಸುತ್ತದೆ, ಕಾಪಾಡುವುದಿಲ್ಲ. ಚಳಿಯಲ್ಲಿ ಯೀಸ್ಟು ಮಲಗುತ್ತದೆಯೇ ಹೊರತು ಸಾಯುವುದಿಲ್ಲ. ಬಸಿಯುವಾಗ, ಸೋಸುವಾಗ ಗಾಳಿಯಿಂದ, ಬಟ್ಟೆಯಿಂದ ಹೊಸದೂ ಸೇರೀತು. ಸೆಕೆ ತಾಗಿದೊಡನೆ ಅದು ಎದ್ದು ಸಕ್ಕರೆಯನ್ನು ತಿಂದು ಅನಿಲ ಬಿಡುತ್ತದೆ; ಆ ಒತ್ತಡಕ್ಕೆ ಸೀಸೆ ಒಡೆಯುತ್ತದೆ. ಅಮೆರಿಕದ ಥಾಮಸ್ ವೆಲ್ಚ್ 1869ರಲ್ಲಿ ದ್ರಾಕ್ಷಿಯ ರಸವನ್ನು ಹುದುಗದಂತೆ ಸೀಸೆಯಲ್ಲಿ ಉಳಿಸಿದ್ದು ಪಾಶ್ಚರನ ವಿಧಾನದಿಂದ, ಅಂದರೆ ಶಾಖದಿಂದ.

ಆದ್ದರಿಂದ ತಿಳಿರಸವನ್ನು ಮತ್ತೆ ಕಾಯಿಸಿ, ಕುದಿ ಬರುವಾಗಲೇ ಬಿಸಿ ಮಾಡಿಟ್ಟ ಗಟ್ಟಿ ಗಾಜಿನ ಸೀಸೆಗೆ, ಬಾಯಿಗೆ ಕಾಲು ಅಂಗುಲ ಬಿಟ್ಟು ತುಂಬಿ. ಹೊಸ ಮುಚ್ಚಳ ಹಾಕಿ, ತಳಕ್ಕೆ ಬಟ್ಟೆ ಹಾಸಿದ ಪಾತ್ರೆಯಲ್ಲಿ, ಸೀಸೆ ಪೂರಾ ಮುಳುಗುವ ಕುದಿನೀರಿನಲ್ಲಿ 10 ನಿಮಿಷ ಇಡಿ. ಒಮ್ಮೆ ತೆರೆದ ಸೀಸೆಯನ್ನು ಫ್ರಿಜ್ಜಿನಲ್ಲಿಟ್ಟು ಬೇಗ ಮುಗಿಸಿ. ಉಬ್ಬಿದ ಮುಚ್ಚಳ ಕಂಡರೆ ರುಚಿ ನೋಡಲು ಹೋಗದೆ ಚೆಲ್ಲಿಬಿಡಿ.

ತಿಳಿಗೆ ತಂಪು, ಬಾಳಿಕೆಗೆ ಬಿಸಿ. ಈ ಎರಡರಲ್ಲಿ ಒಂದು ಮಾಡುವ ಕೆಲಸವನ್ನು ಇನ್ನೊಂದು ಮಾಡಲಾರದು. ಇಷ್ಟನ್ನು ನೆನಪಿಟ್ಟರೆ ತೋಟದಲ್ಲಿ ಉದುರಿದ ಹಣ್ಣೂ ಮನೆಗೆ ದಕ್ಕೀತು.