ಪಟ್ಟಣದ ಕೊಳೆ, ಪಟ್ಟಣದ ಅನ್ನ
(ಶಿಕ್ಷಕರ ಕೂಟವೊಂದರಲ್ಲಿ ಮಾಡಿದ ಭಾಷಣ)



ತಿಪ್ಪೆಯ ವಿಷಯವಾಗಿ ಮಾತನಾಡುವೆನೆಂದಾಗ ತಮ್ಮಲ್ಲಿ ಕೆಲವರು ನಕ್ಕುದನ್ನು ಕಂಡೆನು. ನಗುವಂಥ ವಿಷಯವಲ್ಲ ಅದು. ಹುಬ್ಬಳ್ಳಿ-ಧಾರವಾಡಗಳ ಸುತ್ತಣ ರೈತರು ಹಿಂದೆ ಪಟ್ಟಣದ ಕಸದ ಗುಂಡಿಗಳನ್ನು ಲಿಲಾವಿನಲ್ಲಿ ಹಣ ತೆತ್ತು ಕೊಳ್ಳುತ್ತಿದ್ದರು. ಕ್ರಮೇಣ ಆ ಕಸದಲ್ಲಿ ಪ್ಲಾಸ್ಟಿಕ್ಕು, ಗಾಜಿನ ಚೂರು, ಆಸ್ಪತ್ರೆಯ ಸೂಜಿಗಳು ಬೆರೆತವು; ಕೊಳ್ಳುವವರು ಹಿಂಜರಿದರು. ಬೆರೆಸಿದವರು ಯಾರು? ಪಟ್ಟಣಿಗರಾದ ನಾವೇ.

ನಾವು ಕಳೆದುಕೊಂಡುದರ ಬೆಲೆಯನ್ನು ತಿಳಿಯಬೇಕಾದರೆ ಕೋಲ್ಕತ್ತಾದ ಪೂರ್ವದಿಕ್ಕಿಗೆ ಹೋಗಿ ನೋಡಬೇಕು. ಅಲ್ಲಿ ಸುಮಾರು ೧೨,೫೦೦ ಹೆಕ್ಟೇರುಗಳಷ್ಟು ಕೆರೆ, ಗದ್ದೆ, ಕಾಯಿಪಲ್ಯದ ತೋಟಗಳ ಹರವು ಇರುವದು. ವಿದ್ಯಾಧರಿ ನದಿಯು ಹೂಳು ತುಂಬಿ ಸತ್ತಮೇಲೆ, ಅಲ್ಲಿಯ ಉಪ್ಪುನೀರಿನ ಜೌಗಿನಲ್ಲಿ ಮೀನು ಸಾಕುತ್ತಿದ್ದವರು ಬೇರೆ ದಾರಿ ಕಾಣದೆ ನಗರದ ಚರಂಡಿಯ ನೀರನ್ನೇ ಕೆರೆಗಳಿಗೆ ತಿರುಗಿಸಿಕೊಂಡರು.

ಅವರ ಯುಕ್ತಿಯನ್ನು ಕೇಳಿರಿ. ಚಳಿಗಾಲದಲ್ಲಿ ಕೆರೆಯನ್ನು ಬರಿದು ಮಾಡಿ, ತಳದ ಮಣ್ಣನ್ನು ಒಣಗಿಸಿ ಉಳುವರು. ಬಳಿಕ ಕೊಳೆನೀರನ್ನು ಬಿಟ್ಟು ಕೆಲವು ವಾರ ಸುಮ್ಮನಿರುವರು. ಕೆರೆಯ ಆಳವು ಆಳುದ್ದಕ್ಕಿಂತ ಕಡಿಮೆ. ಬಿಸಿಲಿಗೆ ಒಳಹೊಗಲು ಅಡ್ಡಿಯಿಲ್ಲ. ಸೂಕ್ಷ್ಮಜೀವಿಗಳು ಹೊಲಸನ್ನು ಅರೆದು ಸತ್ತ್ವವನ್ನು ನೀರಿಗೆ ಬಿಡುವವು. ಆ ಸತ್ತ್ವವನ್ನುಂಡು ಪಾಚಿಯು ಬೆಳೆಯುವದು. ಪಾಚಿಯು ಹಗಲೆಲ್ಲ ನೀರಿಗೆ ಪ್ರಾಣವಾಯುವನ್ನು ಕೊಡುವದು. ಆಮೇಲೆ ರೋಹು, ಕಾಟ್ಲಾ ಮೀನುಗಳ ಮರಿಗಳನ್ನು ಬಿಡುವರು. ನೀರಿನ ಬಣ್ಣವನ್ನೂ ವಾಸನೆಯನ್ನೂ ನೋಡಿ, ಇನ್ನೆಷ್ಟು ಕೊಳೆನೀರು ಬೇಕೆಂದು ತೀರ್ಮಾನಿಸುವರು. ದಂಡೆಯುದ್ದಕ್ಕೂ ಅಂತರಗಂಗೆಯನ್ನು ಬೆಳೆಸಿ, ತೆರೆಯ ಹೊಡೆತಕ್ಕೆ ಏರಿ ಕುಸಿಯದಂತೆ ಕಾಯುವರು. ಕೆರೆಯಿಂದ ಹೊರಬಿದ್ದ ನೀರು ಭತ್ತದ ಗದ್ದೆಗೆ. ಧಾಪಾ ಎಂಬಲ್ಲಿಯಂತೂ ನಗರದ ಹಳೆಯ ಕಸವೇ ಹೊಲವಾಗಿ, ಹೂಕೋಸು ಬೆಳೆದು, ಅದೇ ನಗರದ ಸಂತೆಗೆ ಮರಳುವದು!

ಈ ವಿದ್ಯೆಯು ಯಾವ ಕಾಲೇಜಿನಲ್ಲಿಯೂ ಹುಟ್ಟಿದುದಲ್ಲ. ನಗರದ ಕೊಳೆನೀರು ಏನಾಗುವದೆಂದು ೧೯೮೦ರ ದಶಕದಲ್ಲಿ ಹುಡುಕಿಕೊಂಡು ಬಂದ ಸರಕಾರದ ಇಂಜಿನಿಯರರಾದ ಧ್ರುವಜ್ಯೋತಿ ಘೋಷರು ಈ ಮೀನುಗಾರರಿಂದಲೇ ಪಾಠ ಕಲಿತರು. ೨೦೧೮ರಲ್ಲಿ ತೀರಿಕೊಳ್ಳುವವರೆಗೂ ಅವರ ಪರವಾಗಿ ವಾದಿಸಿದರು. ಶಿಕ್ಷಕರಾದ ನಮಗೆ ಇದು ಸ್ವಲ್ಪ ಚುಚ್ಚಬೇಕಾದ ಮಾತು.

ಆದರೆ ಭೂಮಿಯ ಬೆಲೆಯು ಮೀನಿನ ಬೆಲೆಯನ್ನು ಮೀರಿತು. ೧೯೬೦ರ ದಶಕದಲ್ಲಿಯೇ ಜೌಗಿನ ಉತ್ತರಭಾಗವನ್ನು ಹೂಗ್ಲಿ ನದಿಯ ಹೂಳಿನಿಂದ ತುಂಬಿ ಸಾಲ್ಟ್ ಲೇಕ್ ಬಡಾವಣೆಯನ್ನು ಕಟ್ಟಿದ್ದರು. ಉಳಿದುದನ್ನು ತುಂಬದಂತೆ ೧೯೯೨ರಲ್ಲಿ ಅಲ್ಲಿಯ ಹಾಯಕೋರ್ಟು ತಡೆಯೊಡ್ಡಿತು. ೨೦೦೨ರಲ್ಲಿ ಅದು ಜೌಗುಭೂಮಿಗಳ ರಕ್ಷಣೆಗೆಂದು ರಾಷ್ಟ್ರಗಳು ಮಾಡಿಕೊಂಡ ರಾಮ್ಸಾರ್ ಒಪ್ಪಂದದ ಪಟ್ಟಿಯನ್ನು ಸೇರಿತು. ೨೦೦೬ರಲ್ಲಿ ಪಶ್ಚಿಮ ಬಂಗಾಲವು ಅದಕ್ಕೆಂದೇ ಕಾಯದೆಯನ್ನು ಮಾಡಿತು. ಹೀಗಿದ್ದರೂ ಕೆರೆಗಳಿಗೆ ಮಣ್ಣು ಬೀಳುವದು ನಿಂತಿಲ್ಲ. ಚರ್ಮ ಹದಮಾಡುವ ಕಾರಖಾನೆಗಳ ವಿಷದ ನೀರು ಬೆರೆತರೆ ಮೀನುಗಾರನ ಜಾಣ್ಮೆಯೂ ನಿರುಪಾಯವಾಗುವದು. ನಮ್ಮ ಕಸದಲ್ಲಿ ಸೂಜಿ. ಅವರ ನೀರಿನಲ್ಲಿ ಕ್ರೋಮಿಯಂ. ರೋಗವೊಂದೇ.

ಶಾಲೆಯ ಹಿತ್ತಿಲಲ್ಲಿ ಮೊಣಕಾಲುದ್ದದ ಒಂದು ಗುಂಡಿಯನ್ನು ತೋಡಿಸಿರಿ. ಉದುರಿದ ಎಲೆ, ಕಾಯಿಪಲ್ಯದ ಸಿಪ್ಪೆ, ಸಗಣಿಗಳನ್ನು ಪದರು ಪದರಾಗಿ ಹಾಕಿಸಿ, ಒಣಗಗೊಡದೆ, ಆಗಾಗ ಮೇಲು ಕೆಳಗೆ ಮಾಡಿಸಿರಿ. ಪ್ಲಾಸ್ಟಿಕ್ಕನ್ನು ಹೆಕ್ಕಿ ಬೇರಿರಿಸುವ ಕೆಲಸವನ್ನು ಹುಡುಗರಿಗಷ್ಟೇ ಬಿಡದೆ ತಾವೂ ಕೈಹಾಕಿರಿ. ಗುಂಡಿಯನ್ನು ಮೊದಲ ಸಲ ತಿರುವುವ ದಿನ ನನಗೂ ಹೇಳಿ ಕಳುಹಿಸಿರಿ. ಸಲಿಕೆಯನ್ನು ನಾನೇ ತರುವೆನು.