ಹೆಚ್ಚು ಬೆಲೆ ಕೊಡುವ ಹದ



ಕಂಪ್ಯೂಟರ್ ಆಟಗಳೊಳಗಿನ ಹಣಕಾಸಿನ ನಿರ್ಧಾರಗಳನ್ನು ಕುರಿತು ಎರಡು ದಿನ ಚರ್ಚಿಸಲು ಸೇರಿದ್ದೇವೆ. ಆಶಯದ ಮಾತಿಗೆ ನಾನು ಒಂದೇ ಪ್ರಶ್ನೆ ಎತ್ತಿಕೊಂಡಿದ್ದೇನೆ. ಫುಟ್‌ಬಾಲ್ ತಂಡ ನಡೆಸುವ ಆಟಗಳಲ್ಲಿ, ಒಬ್ಬ ಆಟಗಾರನಿಗೆ ಮಾರುಕಟ್ಟೆಯ ಬೆಲೆಗಿಂತ ಹೆಚ್ಚು ಕೊಡುವುದು ಯಾವಾಗ ಸರಿ?

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಮಾತು ಕೇಳಿಯೇ ನಾವೆಲ್ಲ ಬೆಳೆದಿದ್ದೇವೆ. ಆ ಮಾತಿನ ಬಗ್ಗೆ ನನಗೆ ಗೌರವವಿದೆ. ಆದರೆ ಅದೇ ಮಾತನ್ನು ಮಕ್ಕಳಿಗೆ ಹೇಳುವ ರೈತ, ಮಳೆ ಬಿದ್ದು ನೆಲ ಹದಕ್ಕೆ ಬಂದ ವಾರ ಬೀಜದ ಬೆಲೆ ಏರಿತೆಂದು ಕೈಕಟ್ಟಿ ಕೂರುವುದಿಲ್ಲ. ನಾಲ್ಕು ಕಾಸು ಹೆಚ್ಚು ಕೊಟ್ಟಾದರೂ ತರುತ್ತಾನೆ. ಬೆಲೆ ಇಳಿಯಲೆಂದು ಕಾದರೆ ಹದ ಆರಿಹೋಗುತ್ತದೆ. ಹಾಗೆಯೇ, ಹದವಿಲ್ಲದ ದಿನ ಬೀಜ ಅಗ್ಗಕ್ಕೆ ಸಿಕ್ಕಿತೆಂದು ಬಿತ್ತುವುದೂ ಇಲ್ಲ. ನನ್ನ ಇಂದಿನ ಮಾತೆಲ್ಲ ಈ ಹದದ ಸುತ್ತಲೇ.

ಈ ಬಗೆಯ ಆಟಕ್ಕೆ ನಾಲ್ಕು ದಶಕಗಳ ಚರಿತ್ರೆಯಿದೆ. 1982ರಲ್ಲಿ ಇಂಗ್ಲೆಂಡಿನ ಕೆವಿನ್ ಟಾಮ್ಸ್ ‘ಫುಟ್‌ಬಾಲ್ ಮ್ಯಾನೇಜರ್’ ತಂದರು. 1992ರಲ್ಲಿ ಪಾಲ್ ಮತ್ತು ಆಲಿವರ್ ಕಾಲ್ಯರ್ ಸಹೋದರರ ‘ಚಾಂಪಿಯನ್‌ಶಿಪ್ ಮ್ಯಾನೇಜರ್’ ಬಂತು. ಅವರು ಕಟ್ಟಿದ ಸಂಸ್ಥೆಯೇ 2004ರಿಂದ ‘ಫುಟ್‌ಬಾಲ್ ಮ್ಯಾನೇಜರ್’ ಎಂಬ ಹೆಸರಿನಲ್ಲಿ ತನ್ನ ಆಟವನ್ನು ಮುಂದುವರಿಸಿದೆ. ಇಲ್ಲಿ ನಾವು ಚೆಂಡು ಒದೆಯುವುದಿಲ್ಲ. ಹನ್ನೊಂದು ಮಂದಿಯನ್ನು ಆರಿಸುತ್ತೇವೆ, ಆಟಗಾರರನ್ನು ಕೊಳ್ಳುತ್ತೇವೆ, ಮಾರುತ್ತೇವೆ, ಕ್ಲಬ್ಬಿನ ಆಡಳಿತ ಮಂಡಳಿಗೆ ಉತ್ತರ ಹೇಳುತ್ತೇವೆ.

ಈ ಆಟದೊಳಗಿನ ನನ್ನ ಅನುಭವದಿಂದಲೇ ಆರಂಭಿಸುತ್ತೇನೆ. ಇಂಗ್ಲೆಂಡಿನ ಎರಡನೆಯ ಸ್ತರದ ಲೀಗಿನಲ್ಲಿ ನನ್ನ ತಂಡ ಜನವರಿಯ ಹೊತ್ತಿಗೆ ಎರಡನೆಯ ಸ್ಥಾನದಲ್ಲಿತ್ತು. ಮೊದಲ ಎರಡು ತಂಡಗಳಿಗೆ ಪ್ರೀಮಿಯರ್ ಲೀಗಿಗೆ ನೇರ ಬಡ್ತಿ. ಆಗ ಎಡಬದಿಯನ್ನು ಕಾಯುವ ನನ್ನ ಲೆಫ್ಟ್ ಬ್ಯಾಕ್ ಗಾಯಗೊಂಡು ಆ ಋತುವಿನ ಉಳಿದ ಪಂದ್ಯಗಳಿಗೆಲ್ಲ ಇಲ್ಲವಾದ. ಅವನ ಜಾಗಕ್ಕೆ ಹೊಂದುವ ಆಟಗಾರನ ಬೆಲೆ 40 ಲಕ್ಷ ಪೌಂಡ್ ಎಂದು, ಆಟಗಾರರನ್ನು ಹುಡುಕಿ ಅಳೆಯುವ ನಮ್ಮ ಸ್ಕೌಟ್ ಅಂದಾಜಿಸಿದ. ಅವನ ಕ್ಲಬ್ ಕೇಳಿದ್ದು 70 ಲಕ್ಷ. ಅನ್ಯಾಯದ ಬೆಲೆ ಎಂದು ನಾನು ಹಿಂದೆ ಸರಿದು ಅಗ್ಗದ ಒಬ್ಬನನ್ನು ತಂದೆ. ಎದುರಾಳಿಗಳು ಅದೇ ಮೂಲೆಯಿಂದ ನುಗ್ಗಿ ಗೋಲು ಹೊಡೆದರು. ಮೂರನೆಯ ಸ್ಥಾನಕ್ಕೆ ಜಾರಿ, ಬಡ್ತಿಯ ಪ್ಲೇ-ಆಫ್‌ನಲ್ಲಿ ಸೋತೆವು. ಪ್ರೀಮಿಯರ್ ಲೀಗಿನ ಕಟ್ಟಕಡೆಯ ತಂಡಕ್ಕೂ ವರ್ಷಕ್ಕೆ ಸುಮಾರು 10 ಕೋಟಿ ಪೌಂಡ್ ಸಿಗುತ್ತದೆ. 30 ಲಕ್ಷ ಉಳಿಸಲು ಹೋಗಿ ಆ ಬಾಗಿಲನ್ನೇ ಮುಚ್ಚಿಕೊಂಡಿದ್ದೆ.

ಆಟಗಾರನ ಬೆಲೆ ಒಂದು, ಅವನಿಲ್ಲದಿರುವುದರ ಬೆಲೆ ಇನ್ನೊಂದು ಎಂಬುದು ನನಗೆ ಅಂದು ಅರ್ಥವಾಯಿತು. ಮೊದಲನೆಯದನ್ನು ಮಾರುಕಟ್ಟೆ ಹೇಳುತ್ತದೆ. ಎರಡನೆಯದನ್ನು ನಮ್ಮ ತಂಡ ಮಾತ್ರ ಹೇಳಬಲ್ಲದು. ಕೇಳುವ ಬೆಲೆ ಈ ಎರಡರ ನಡುವೆ ಇದ್ದರೆ ಹೆಚ್ಚು ಕೊಡುವುದು ವಿವೇಕ. ಎರಡನ್ನೂ ಮೀರಿದರೆ ಅದು ದುಂದು.

ಇದನ್ನು ಗುರುತಿಸುವುದು ಹೇಗೆ? ನಾಲ್ಕು ಎಚ್ಚರಗಳಿವೆ. ಒಂದನೆಯದು, ಮೊದಲು ಕೊರತೆ ಕಾಣಬೇಕು, ಆಟಗಾರ ಆಮೇಲೆ ಕಾಣಬೇಕು. ಇದಕ್ಕೆ ನಿಜವಾದ ಫುಟ್‌ಬಾಲಿನಲ್ಲೇ ಒಂದು ಜೋಡಿ ಉದಾಹರಣೆಯಿದೆ. 2017ರ ಆಗಸ್ಟ್‌ನಲ್ಲಿ ತಾರೆ ನೇಮರ್ 22.2 ಕೋಟಿ ಯೂರೊಗೆ ಬಾರ್ಸಿಲೋನಾ ಕ್ಲಬ್ ಬಿಟ್ಟು ಪ್ಯಾರಿಸ್‌ನ ಕ್ಲಬ್ಬಿಗೆ ಹೋದರು. ಬಾರ್ಸಿಲೋನಾದ ಕೈಯಲ್ಲಿ ಹಣವಿದೆ, ಅವಸರವೂ ಇದೆ ಎಂದು ಮಾರುವವರಿಗೆಲ್ಲ ಗೊತ್ತಾಯಿತು. ಆಟಗಾರ ಡೆಂಬೆಲೆಗೆ ಅದು 10.5 ಕೋಟಿ ಯೂರೊ ಕೊಟ್ಟಿತು, ಅದರ ಮೇಲೆ ಷರತ್ತಿನ ಹಣ. ಮುಂದಿನ ಜನವರಿಯಲ್ಲಿ ಲಿವರ್‌ಪೂಲ್‌ನ ಕುಟಿನ್ಹೊಗೆ 12 ಕೋಟಿಗೂ ಮೀರಿದ ಬೆಲೆ. ಹೋದ ತಾರೆಯ ಜಾಗದಲ್ಲಿ ಇನ್ನೊಂದು ತಾರೆ ಬೇಕಿತ್ತು; ತಂಡದ ಆಟದಲ್ಲಿ ಕುಟಿನ್ಹೊ ನಿಲ್ಲುವ ಜಾಗ ಯಾವುದೆಂಬುದು ಕೊನೆಗೂ ಸ್ಪಷ್ಟವಾಗಲಿಲ್ಲ. ಎರವಲಾಗಿ ಬಯರ್ನ್ ಮ್ಯೂನಿಕ್‌ಗೆ ಹೋದ ಅವರು, 2020ರಲ್ಲಿ ಬಾರ್ಸಿಲೋನಾ 8–2ರಿಂದ ಸೋತ ಪಂದ್ಯದಲ್ಲಿ ಅದರ ವಿರುದ್ಧವೇ ಎರಡು ಗೋಲು ಹೊಡೆದರು.

ಕುಟಿನ್ಹೊ ಮಾರಾಟವಾದ ಅದೇ ಜನವರಿಯಲ್ಲಿ ಲಿವರ್‌ಪೂಲ್ ಡಿಫೆಂಡರ್ ವಾನ್ ಡೈಕ್‌ಗೆ 7.5 ಕೋಟಿ ಪೌಂಡ್ ಕೊಟ್ಟಿತು. ಆ ಜಾಗದ ಆಟಗಾರನಿಗೆ ಜಗತ್ತಿನಲ್ಲಿ ಅದುವರೆಗೆ ಯಾರೂ ಅಷ್ಟು ಕೊಟ್ಟಿರಲಿಲ್ಲ. ದುಬಾರಿ ಎಂದವರು ಬಹಳ ಮಂದಿ. ಆದರೆ ಲಿವರ್‌ಪೂಲ್ ಹಿಂದಿನ ಬೇಸಿಗೆಯಲ್ಲೇ ಅವರನ್ನು ಬಯಸಿತ್ತು, ಸಿಗದಿದ್ದಾಗ ಅರ್ಧ ವರ್ಷ ಕಾದಿತ್ತು. 2018ರ ಬೇಸಿಗೆಯಲ್ಲಿ ಗೋಲ್‌ಕೀಪರ್ ಅಲಿಸನ್‌ಗೂ ಹೀಗೆಯೇ ದೊಡ್ಡ ಬೆಲೆ ತೆತ್ತಿತು. 2019ರಲ್ಲಿ ಚಾಂಪಿಯನ್ಸ್ ಲೀಗ್, 2020ರಲ್ಲಿ ಮೂವತ್ತು ವರ್ಷಗಳ ಬಳಿಕ ಇಂಗ್ಲೆಂಡಿನ ಲೀಗ್ ಕಿರೀಟ ಬಂದವು. ಎರಡೂ ಕ್ಲಬ್ಬುಗಳು ಹೆಚ್ಚೇ ಕೊಟ್ಟವು. ಒಂದು ಹದ ನೋಡಿ ಬಿತ್ತಿತು.

ಎರಡನೆಯದು, ಚೌಕಾಸಿಗೆ ಕೂರುವ ಮೊದಲೇ ನಮ್ಮ ಗರಿಷ್ಠ ಬೆಲೆಯನ್ನು ಬರೆದಿಟ್ಟುಕೊಳ್ಳಬೇಕು. 1971ರಲ್ಲಿ ಕೇಪನ್, ಕ್ಲ್ಯಾಪ್, ಕ್ಯಾಂಬೆಲ್ ಎಂಬ ಮೂವರು ಎಂಜಿನಿಯರುಗಳು ಸಮುದ್ರದಡಿಯ ತೈಲ ಕ್ಷೇತ್ರಗಳ ಹರಾಜನ್ನು ಪರಿಶೀಲಿಸಿ, ಹರಾಜು ಗೆಲ್ಲುವವನು ಸಾಮಾನ್ಯವಾಗಿ ಕ್ಷೇತ್ರದ ಬೆಲೆಯನ್ನು ಎಲ್ಲರಿಗಿಂತ ಹೆಚ್ಚಾಗಿ ಅಂದಾಜಿಸಿ ತಪ್ಪಿದವನೇ ಎಂದು ತೋರಿಸಿದರು. ಅರ್ಥಶಾಸ್ತ್ರದಲ್ಲಿ ಇದು ‘ಗೆದ್ದವನ ಶಾಪ’. ನಮ್ಮ ಆಟದಲ್ಲಿ ಈ ಶಾಪ ಇನ್ನೂ ಸೂಕ್ಷ್ಮ. ಆಟಗಾರನ ಈಗಿನ ಸಾಮರ್ಥ್ಯ ಮತ್ತು ಮುಂದೆ ಮುಟ್ಟಬಹುದಾದ ಸಾಮರ್ಥ್ಯ 200ರ ಅಳತೆಯಲ್ಲಿ ಆಟದೊಳಗೆ ಅಡಗಿವೆ. ನಮಗೆ ಕಾಣುವುದು ಸ್ಕೌಟ್ ಕೊಡುವ ನಕ್ಷತ್ರಗಳು, ಅವೂ ನಮ್ಮ ತಂಡಕ್ಕೆ ಹೋಲಿಸಿ ಕೊಟ್ಟವು. ತಂಡ ದುರ್ಬಲವಾಗಿದ್ದರೆ ಸಾಧಾರಣ ಆಟಗಾರನೂ ನಾಲ್ಕು ನಕ್ಷತ್ರಗಳಿಂದ ಹೊಳೆಯುತ್ತಾನೆ. ನಮ್ಮ ಬಡತನವೇ ಅವನಿಗೆ ಹೊಳಪು ಕೊಡುತ್ತದೆ ಎಂಬ ಎಚ್ಚರ ಬೇಕು.

ಮೂರನೆಯದು ವೇತನ. ವರ್ಗಾವಣೆ ಶುಲ್ಕ ಒಮ್ಮೆ ಕೊಡುವ ಹಣ. ಕಂತು ಮಾಡಬಹುದು, ಮುಂದಿನ ಮಾರಾಟದಲ್ಲಿ ಇಷ್ಟು ಪಾಲು ನಿಮಗೆ ಎಂದು ಹೇಳಿ ಇಳಿಸಬಹುದು. ವಾರದ ಸಂಬಳ ಹಾಗಲ್ಲ. ಅದು ಒಪ್ಪಂದ ಮುಗಿಯುವವರೆಗೆ ಮನೆಯಲ್ಲಿ ಕೂತು ಉಣ್ಣುತ್ತದೆ, ಉಳಿದವರೂ ಅಷ್ಟೇ ಕೇಳುವಂತೆ ಮಾಡುತ್ತದೆ. ಆಟಗಾರ ನಿರಾಶೆಗೊಳಿಸಿದಾಗ ಅವನನ್ನು ಮಾರಲು ಬಿಡದಿರುವುದೂ ಆ ಸಂಬಳವೇ. ಅಷ್ಟು ಕೊಡುವ ಇನ್ನೊಂದು ಕ್ಲಬ್ ಸಿಗುವುದಿಲ್ಲ. ಶುಲ್ಕದಲ್ಲಿ ಕೈ ಸಡಿಲ ಬಿಟ್ಟರೂ ಸಂಬಳದಲ್ಲಿ ಬಿಗಿ ಹಿಡಿಯಿರಿ ಎಂಬುದು ನನ್ನ ದೃಢ ಸಲಹೆ.

ನಾಲ್ಕನೆಯದೇ ಎಲ್ಲಕ್ಕಿಂತ ಭಾರವಾದದ್ದು. ಈ ಖರೀದಿ ಸಂಪೂರ್ಣ ವಿಫಲವಾದರೂ ಕ್ಲಬ್ ಬದುಕುತ್ತದೆಯೇ? ಇಂಗ್ಲೆಂಡಿನ ಲೀಡ್ಸ್ ಯುನೈಟೆಡ್ ಕ್ಲಬ್ ಈ ಪ್ರಶ್ನೆಯನ್ನು ಕೇಳಿಕೊಳ್ಳಲಿಲ್ಲ. ಮುಂದೆ ಬರಲಿರುವ ಟಿಕೆಟ್ ಆದಾಯದ ಮೇಲೆ ಸಾಲ ತಂದಿತು. 2000ದಲ್ಲಿ ಡಿಫೆಂಡರ್ ರಿಯೊ ಫರ್ಡಿನೆಂಡ್‌ಗೆ 1.8 ಕೋಟಿ ಪೌಂಡ್ ಕೊಟ್ಟಿತು. 2001ರಲ್ಲಿ ಚಾಂಪಿಯನ್ಸ್ ಲೀಗಿನ ಸೆಮಿಫೈನಲ್ ತಲುಪಿತು. ಆ ಲೀಗಿನಿಂದ ಬಂದ ಹಣವೇ ವರ್ಷವರ್ಷವೂ ಬರುತ್ತದೆಂದು ನಂಬಿತು. ಮುಂದಿನ ಎರಡು ಋತುಗಳಲ್ಲಿ ಆ ಲೀಗಿಗೆ ಅರ್ಹತೆಯೇ ಸಿಗಲಿಲ್ಲ. ತಾರೆಯರು ಒಬ್ಬೊಬ್ಬರಾಗಿ ಮಾರಾಟವಾದರು. 2004ರಲ್ಲಿ ಪ್ರೀಮಿಯರ್ ಲೀಗ್ ಹೋಯಿತು, 2007ರಲ್ಲಿ ಕ್ಲಬ್ ಮೂರನೆಯ ಸ್ತರಕ್ಕಿಳಿಯಿತು. ಫರ್ಡಿನೆಂಡ್ ಒಳ್ಳೆಯ ಖರೀದಿಯೇ ಆಗಿದ್ದರು, ಲಾಭಕ್ಕೇ ಮಾರಾಟವಾದರು. ತಪ್ಪು ಇದ್ದದ್ದು ಗೆಲುವನ್ನು ಮೊದಲೇ ಖರ್ಚು ಮಾಡಿದ್ದರಲ್ಲಿ.

ಮಿತ್ರರೇ, ಇಲ್ಲಿ ಆಟಕ್ಕೂ ಬದುಕಿಗೂ ಇರುವ ದೊಡ್ಡ ಅಂತರ ಎದುರಾಗುತ್ತದೆ. ಆಟದಲ್ಲಿ ಸೋತಾಗ ಹಿಂದೆ ಉಳಿಸಿಟ್ಟ ಕಡತ ತೆರೆದು ಮತ್ತೆ ಶುರುಮಾಡಬಹುದು. ಸಾಲದಲ್ಲಿ ಮುಳುಗಿದ ಕ್ಲಬ್ಬಿಗೆ ರಾಜೀನಾಮೆ ಕೊಟ್ಟು ಇನ್ನೊಂದಕ್ಕೆ ಸೇರಬಹುದು. ಸಾಲ ಹಳೆಯ ಕ್ಲಬ್ಬಿನ ಹೆಗಲಿಗೆ, ಹೆಸರು ನಮಗೆ. ಲೀಡ್ಸ್‌ನ ಅಭಿಮಾನಿಗೆ ಆ ಅವಕಾಶವಿರಲಿಲ್ಲ. ಅಧ್ಯಕ್ಷರು ಹೋದರು, ತರಬೇತುದಾರರು ಹೋದರು, ಆಟಗಾರರು ಹೋದರು. ಅವನು ಅದೇ ಗ್ಯಾಲರಿಯಲ್ಲಿ ಉಳಿದ. ಅದಕ್ಕಾಗಿ ನಾನು ನನ್ನ ವಿದ್ಯಾರ್ಥಿಗಳಿಗೆ ಒಂದು ನಿಯಮ ಹಾಕುತ್ತೇನೆ: ಹಿಂದಿನ ಕಡತ ತೆರೆಯಬಾರದು, ಹತ್ತು ಋತು ಒಂದೇ ಕ್ಲಬ್ಬಿನಲ್ಲಿ ಇರಬೇಕು. ಆ ನಿಯಮದೊಳಗೆ ಆಡಿದಾಗ ಅವರು ಹೆಚ್ಚು ಕೊಡುವುದನ್ನು ಬಿಡುವುದಿಲ್ಲ, ಯಾವಾಗ ಕೊಡಬೇಕೆಂದು ಕಲಿಯುತ್ತಾರೆ.

ಮುಂದಿನ ಗೋಷ್ಠಿಗಳ ಮುಂದೆ ಮೂರು ಪ್ರಶ್ನೆಗಳನ್ನು ಇಡುತ್ತೇನೆ. ಇಲ್ಲದಿರುವುದರ ಬೆಲೆಯನ್ನು ಅಳೆಯುವ ವಿಧಾನವನ್ನು ನಾವು ರೂಪಿಸಬಹುದೇ? ಅಡಗಿದ ಮಾಹಿತಿಯ ನಡುವೆ ನಿರ್ಧರಿಸುವ ಈ ಅಭ್ಯಾಸ ತರಗತಿಯ ಪಾಠವಾಗಬಲ್ಲದೇ? ಬೇರೆಯವರ ಹಣದಲ್ಲಿ ತೆಗೆದುಕೊಳ್ಳುವ ನಿರ್ಧಾರದ ಹೊಣೆಯನ್ನು ಆಟ ಕಲಿಸಬಲ್ಲದೇ? ಮೂರನೆಯದರ ಮೇಲೆ ಹೆಚ್ಚು ಹೊತ್ತು ನಿಲ್ಲಿ ಎಂದು ವಿನಂತಿಸುತ್ತೇನೆ.

ಹದ ತಿಳಿದ ರೈತ ಬೆಳೆ ಕೈಕೊಟ್ಟರೂ ಮುಂದಿನ ಮುಂಗಾರಿಗೆ ಅದೇ ಹೊಲದಲ್ಲಿ ನಿಲ್ಲುತ್ತಾನೆ. ಅವನ ಲೆಕ್ಕವೆಲ್ಲ ಅದಕ್ಕಾಗಿಯೇ. ಈ ಎರಡು ದಿನಗಳ ಚರ್ಚೆ ಅಂಥ ಲೆಕ್ಕವನ್ನು ನಮ್ಮ ಯುವಜನರ ಕೈಗೆ ಕೊಡಲಿ ಎಂದು ಆಶಿಸಿ, ನನ್ನ ಮಾತುಗಳನ್ನು ಮುಗಿಸುತ್ತೇನೆ.