ಐದು ಸಾಲಿನ ಸುದ್ದಿ
(ಶಾಲಾ ವಾರ್ಷಿಕೋತ್ಸವದಲ್ಲಿ ವಿದ್ಯಾರ್ಥಿಗಳ ಪರವಾಗಿ ಮಾಡಿದ ಭಾಷಣ)



ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವು 1843ನೆಯ ಜುಲೈ 1ರಂದು, ನಮ್ಮ ಕಾಸರಗೋಡಿಗೆ ನೆರೆಯಾದ ಮಂಗಳೂರಿನಲ್ಲಿ, ಹರ್ಮನ್ ಮೋಗ್ಲಿಂಗರ ಸಂಪಾದಕತ್ವದಲ್ಲಿ ಹೊರಟಿತು. ಆ ನೆರೆಯಲ್ಲಿಯೇ ಬೆಳೆದ ನಾವು ಶಾಲೆಯ ಗೋಡೆಪತ್ರಿಕೆಗೆ ಸುದ್ದಿ ಬರೆಯತೊಡಗಿದಾಗ, ಬರವಣಿಗೆಯೆಂದರೆ ಪದಗಳ ಮೆರವಣಿಗೆಯೆಂದೇ ಭಾವಿಸಿದ್ದೆವು.

ಕಳೆದ ಮಳೆಗಾಲದಲ್ಲಿ ಕಾಲುಸಂಕವೊಂದು ಕೊಚ್ಚಿಹೋಯಿತು. ನಾವು ಕಾರ್ಮೋಡ, ಗುಡುಗು, ವರುಣನ ಆರ್ಭಟಗಳನ್ನು ವರ್ಣಿಸಿ ಎರಡು ಪುಟ ಬರೆದೆವು. ಗುರುಗಳು, “ಐದು ಸಾಲಿಗಿಳಿಸಿರಿ” ಎಂದರು. ವರ್ಣನೆಯನ್ನು ಬಿಡಲು ಮನಸ್ಸಾಗದೆ ಉಳಿದುದನ್ನೆಲ್ಲ ಕತ್ತರಿಸಿ, ಗೋಡೆಗೆ ಅಂಟಿಸಿದೆವು. ಮರುದಿನ ತಾಯಿಯೊಬ್ಬರು ಓದಿ ಕೇಳಿದರು: “ಯಾವ ಸಂಕ ಮಕ್ಕಳೇ? ನಾಳೆ ಮಗುವನ್ನು ಯಾವ ದಾರಿಯಲ್ಲಿ ಕಳುಹಿಸಲಿ?”

ನಾವು ತಲೆತಗ್ಗಿಸಿದೆವು. ಮೋಡವಿತ್ತು, ಗುಡುಗಿತ್ತು, ಸಂಕದ ಹೆಸರೇ ಇರಲಿಲ್ಲ.

ಅಂದೇ ಮತ್ತೆ ಬರೆದೆವು: ಏನಾಯಿತು, ಎಲ್ಲಿ, ಎಂದು, ಯಾರಿಗೆ ತೊಂದರೆ, ಬೇರೆ ದಾರಿ ಯಾವುದು. ಐದು ಸಾಲೂ ಬೇಕಾಗಲಿಲ್ಲ. ನಮಗೆ ಪ್ರಿಯವಾದುದನ್ನು ಬಿಟ್ಟು, ಓದುವವರಿಗೆ ಬೇಕಾದುದನ್ನು ಉಳಿಸುವುದೇ ಸಂಕ್ಷೇಪವೆಂದು ಅರಿತೆವು.

ಪೋಷಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ: ಗೋಡೆಪತ್ರಿಕೆಯನ್ನು ಓದಿರಿ; ನಾವು ತಪ್ಪಿದಲ್ಲಿ ಆ ತಾಯಿಯಂತೆ ಪ್ರಶ್ನಿಸಿರಿ.